ಬೋರ್ಡಿಗೆ ಒಯ್ದ ಬದನೆಕಾಯಿ

ಒಂದು ಚೀಲ ಬದನೆಕಾಯಿ ಒಯ್ದು ನಮ್ಮ ಭಾವನ ಪೆನ್ಶನ್ ಕಳೆದವಳು ನಾನು.

ನಗಬೇಡಿ. ನಗುವಂಥದ್ದಾಗಿದ್ದರೆ ನಾನೇ ಮೊದಲು ನಗುತ್ತಿದ್ದೆ. (ನನ್ನ ಬಾಯಿ ಸುಮ್ಮನಿರುವುದಿಲ್ಲ ಅಂತ ವಾರವಾರ ನನ್ನ ಅಂಕಣ ಓದುವ ನಿಮಗೆ ಹೇಳಬೇಕೇ?)

ನಾಗರಾಜ ಭಾವ ಅಂದರೆ ನನ್ನ ಅಕ್ಕ ಸರಳಳ ಗಂಡ. ಮನೆ ಚಿಕ್ಕಲಸಂದ್ರದಲ್ಲಿ. ಸಣ್ಣ ಫ್ಯಾಕ್ಟರಿಯೊಂದರಲ್ಲಿ ತಗಡು ಒತ್ತುವ ಪ್ರೆಸ್ ಮೆಷಿನ್ ಮುಂದೆ ಕೆಲಸ. ತಗಡು ಒಳಗಿಡುವುದು, ಕೈ ಹೊರಗೆಳೆಯುವುದು, ಮತ್ತೆ ಒಳಗಿಡುವುದು. ಹದಿನೆಂಟು ವರ್ಷ ಇದೇ. ಎರಡು ವರ್ಷದ ಹಿಂದೆ ಒಂದು ದಿನ ಕೈ ಹೊರಗೆ ಬರುವ ಮೊದಲೇ ಮೆಷಿನ್ ಇಳಿಯಿತು. ಬಲಗೈಯ ನಡುವಿನ ಮೂರು ಬೆರಳು ಹೋದವು. ಉಳಿದದ್ದು ಹೆಬ್ಬೆರಳು, ಕಿರುಬೆರಳು.

ಆಸ್ಪತ್ರೆಯಲ್ಲಿ ಒಂದು ರಬ್ಬರ್ ಚೆಂಡು ಕೊಟ್ಟರು. ‘ಉಳಿದಿರೋ ಬೆರಳಿಗೆ ದಿನಾ ಕೆಲಸ ಕೊಡಿ, ಇಲ್ಲಾಂದ್ರೆ ಮರಗಟ್ಟಿ ಹೋಗ್ತವೆ’ ಅಂದರು. ಭಾವ ನಾಲ್ಕು ದಿನ ಚೆಂಡು ಹಿಸುಕಿದರು. ಐದನೇ ದಿನ ‘ಇದೇನು ನನಗೆ ಚೆಂಡಾಟ ಆಡೋ ವಯಸ್ಸಾ?’ ಅಂತ ಅದನ್ನು ಮೂಲೆಗೆಸೆದು, ಮನೆ ಪಕ್ಕದ ಖಾಲಿ ಜಾಗಕ್ಕೆ ಇಳಿದರು.

ಅಲ್ಲಿ ಪಾರ್ಥೇನಿಯಂ ಬಿಟ್ಟರೆ ಬೇರೇನೂ ಇರಲಿಲ್ಲ. ಹಳೇ ಸೈಕಲ್ ಟ್ಯೂಬಿನಲ್ಲಿ ಸಣ್ಣ ಗುದ್ದಲಿಯನ್ನು ಮಣಿಕಟ್ಟಿಗೆ ಬಿಗಿದುಕೊಂಡು ಭಾವ ಅಗೆದರು. ಅಕ್ಕ ಅಕ್ಕಿ ತೊಳೆದ ನೀರು ಹೊತ್ತು ತಂದಳು. ಮಗಳು ಪಮ್ಮಿ ಸ್ಕೂಲಿಗೆ ಹೊರಡುವ ಮುಂಚೆ ಬೋರ್‌ವೆಲ್ಲಿನಿಂದ ನಾಲ್ಕು ಬಕೆಟ್. ಆರು ತಿಂಗಳಲ್ಲಿ ದಂಟಿನ ಸೊಪ್ಪು, ಹೀರೆ, ಕನಕಾಂಬರ, ಮತ್ತೆ ಆ ಬದನೆ! ಗುಂಡು ಗುಂಡಗೆ, ಮುಟ್ಟಿದರೆ ಜಾರುವಂಥ ಬದನೆ. ಅದರ ತೊಟ್ಟನ್ನು ಭಾವ ಹೆಬ್ಬೆರಳು ಕಿರುಬೆರಳ ನಡುವೆ ಹಿಡಿದು, ತಿರುಗಿಸಿ, ಟಪ್ ಅಂತ ಕೀಳುತ್ತಿದ್ದರು. ಆಗೊಂದು ಸಣ್ಣ ನಗು ಬರುತ್ತಿತ್ತು ಅವರ ಮುಖದಲ್ಲಿ.

ಅಷ್ಟರಲ್ಲಿ ಮೆಡಿಕಲ್ ಬೋರ್ಡಿನಿಂದ ಕರೆ ಬಂತು. ಕೈ ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಅಂತ ಡಾಕ್ಟರುಗಳು ನೋಡಿ ಬರೆದರೆ ತಿಂಗಳು ತಿಂಗಳು ಪೆನ್ಶನ್. ಫ್ಯಾಕ್ಟರಿಯವರು ‘ಈ ಕೈಗೆ ನಮ್ಮಲ್ಲಿ ಕೆಲಸ ಇಲ್ಲ’ ಅಂತ ಆಗಲೇ ಮನೆಗೆ ಕಳಿಸಿಯಾಗಿತ್ತು. ಆ ಮನೆಗೆ ಇದ್ದದ್ದು ಇದೊಂದೇ ದಾರಿ.

‘ನೀನು ಪೇಪರಲ್ಲಿ ಬರೆಯೋಳು, ನೀನೇ ಬಂದು ಮಾತಾಡೇ’ ಅಂದಳು ಅಕ್ಕ. ಹೋದೆ. ದೊಡ್ಡವರನ್ನು ನೋಡಲು ಬರಿಗೈಯಲ್ಲಿ ಹೋಗುವುದು ನಮ್ಮಮ್ಮನ ಕಾಲದಿಂದಲೂ ನಮ್ಮಲ್ಲಿಲ್ಲ. ಸ್ಕೂಲ್ ಅಡ್ಮಿಶನ್ನಿಗೆ ನಿಂಬೆಹಣ್ಣು, ಬಾಣಂತಿ ನೋಡಿದ ನರ್ಸಮ್ಮನಿಗೆ ನುಗ್ಗೇಕಾಯಿ. ಲಂಚ ಅಲ್ಲ ಸ್ವಾಮಿ, ಮರ್ಯಾದೆ! ಹಾಗಾಗಿ ಒಂದು ಚೀಲ ಬದನೆಕಾಯಿ ತುಂಬಿಸಿಕೊಂಡೆ.

ಮೂವರು ಡಾಕ್ಟರು. ಭಾವ ನಾಚಿಕೆಯಿಂದ ಕೈಯನ್ನು ಒಂದು ಗಳಿಗೆ ತೋರಿಸಿ ಮತ್ತೆ ಪ್ಯಾಂಟ್ ಜೇಬಿಗೆ ಸೇರಿಸಿಬಿಟ್ಟರು. ನಡುವೆ ಕೂತವರು ಚೀಲ ನೋಡಿ ‘ಇದೇನಮ್ಮಾ?’ ಅಂದರು.

‘ಮನೇಲೇ ಬೆಳೆದಿದ್ದು ಸಾರ್, ಔಷಧಿ ಹೊಡ್ದಿಲ್ಲ. ನಮ್ ಭಾವನೇ ಬೆಳ್ದಿದ್ದು, ಇದೇ ಕೈಯಲ್ಲಿ!’

‘ಹೌದಾ? ಪಾತಿ ಯಾರು ಮಾಡಿದ್ದು?’

‘ಇವರೇ ಸಾರ್!’

‘ಕಳೆ ಕೀಳೋದು?’

‘ಎಲ್ಲಾ ಇವರೇ ಸಾರ್!’

ಎಂಥ ಹೆಮ್ಮೆ ನನಗೆ! ಡಾಕ್ಟರು ‘ಗುಡ್, ಗುಡ್’ ಅನ್ನುತ್ತಾ ಬರೆದುಕೊಂಡರು. ‘ನಾವು ಏನೂ ತಗೊಳ್ಳೋ ಹಾಗಿಲ್ಲಮ್ಮ’ ಅಂತ ಚೀಲ ವಾಪಸ್ ಕೊಟ್ಟರು. ಪ್ರಾಮಾಣಿಕರು. ಅವರನ್ನು ಬೈಯುವ ಸುಖವೂ ನನಗಿಲ್ಲ.

ಕಾಗದ ಬಂತು. ಕೈ ಬಳಕೆಗೆ ಯೋಗ್ಯವಾಗಿದೆಯಂತೆ. ತೋಟದ ಕೆಲಸ ತಾವೇ ಮಾಡುತ್ತಾರೆಂದು ಮನೆಯವರೇ ತಿಳಿಸಿದ್ದಾರಂತೆ. ಮನೆಯವರು ಅಂದರೆ ಯಾರು? ನಾನೇ! ಕೊಟ್ಟ ಚೂರುಪಾರು ಪೆನ್ಶನ್ನಿನಲ್ಲಿ ಮನೆ ಬಾಡಿಗೆಯೂ ಹುಟ್ಟುವುದಿಲ್ಲ. ಫ್ಯಾಕ್ಟರಿಗೆ ಕೆಟ್ಟಿರುವ ಕೈ ಬೋರ್ಡಿಗೆ ಚೆನ್ನಾಗಿದೆ. ಈ ಎರಡು ಕಾಗದವನ್ನೂ ಒಟ್ಟಿಗೆ ಹಿಡಿದುಕೊಂಡ ಮನುಷ್ಯ ಎಲ್ಲಿಗೆ ಹೋಗಬೇಕು?

ಅಕ್ಕ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಪೀಲು ಹಾಕಿದೆವು. ಆಗ ನಾನು ಎರಡನೇ ಸಲ ಬುದ್ಧಿವಂತಿಕೆ ಮಾಡಿದೆ. ‘ಭಾವ, ಅಪೀಲು ಮುಗಿಯೋ ತನಕ ಮಣ್ಣು ಮುಟ್ಟಬೇಡಿ. ಯಾರಾದ್ರೂ ನೋಡೋಕೆ ಬರ್ತಾರೆ. ನಿಮ್ಮ ಕೈಲಿ ಗುದ್ದಲಿ ಕಂಡ್ರೆ ಕಥೆ ಮುಗೀತು’ ಅಂದೆ.

ಭಾವ ತೋಟದ ಕಡೆ ನೋಡಿದರು. ‘ಆಯ್ತು ವಿಜಿ. ಓದಿದೋಳು ನೀನು, ನಿನಗೆ ಗೊತ್ತಿರುತ್ತೆ’ ಅಂದರು.

ಅವತ್ತಿನಿಂದ ಭಾವ ಜಗುಲಿಯ ಮೇಲೆ, ತೊಡೆ ಮೇಲೆ ಟವೆಲು, ಟವೆಲಿನೊಳಗೆ ಕೈ. ಅಕ್ಕ ಒಂದಷ್ಟು ದಿನ ನೀರು ಹಾಕಿದಳು. ಆಮೇಲೆ ಎರಡು ಮನೆ ಅಡುಗೆ ಕೆಲಸ ಹಿಡಿದಳು, ಬೆಳಗಿನ ಮನೆಗೆಲಸ ಪಮ್ಮಿ ಮೇಲೆ ಬಿತ್ತು, ನೀರು ನಿಂತಿತು. ಅಪೀಲಿನ ತಾರೀಖು ಬರುವುದು, ಮುಂದಕ್ಕೆ ಹೋಗುವುದು. ಹತ್ತು ತಿಂಗಳು ಹೀಗೇ. ನೋಡಲು ಯಾರೂ ಬರಲಿಲ್ಲ. ಒಬ್ಬರೂ.

ಕಳೆದ ವಾರ ಪಕ್ಕದ ಮನೆಯ ಫೋನಿನಿಂದ ಅಕ್ಕ ಹೇಳಿದಳು, ತಾರೀಖು ಗ್ಯಾರಂಟಿ ಆಯ್ತು, ಮತ್ತೆ ಬೋರ್ಡಿಗೆ ಕರೆದಿದ್ದಾರೆ ಅಂತ. ಭಾನುವಾರ ನಮ್ಮ ಮನೆ ಹತ್ತಿರ ಬಸ್ಸು ಹಿಡಿದು ಹೋದೆ. ತೋಟ ಅನ್ನುವುದಿರಲಿಲ್ಲ. ಹೀರೇ ಬಳ್ಳಿ ಒಣಗಿ ತಂತಿಗೆ ಸುತ್ತಿಕೊಂಡಿತ್ತು. ಪಾರ್ಥೇನಿಯಂ ವಾಪಸ್ ಬಂದಿತ್ತು. ಮೂಲೆಯ ಗಿಡವೊಂದರಲ್ಲಿ ಮಾತ್ರ ಒಂದೇ ಒಂದು ಬದನೆ, ಸಣ್ಣದು.

‘ಭಾವ, ಅದೊಂದು ಕಿತ್ಕೊಳ್ಳಿ, ಯಾರೂ ನೋಡಲ್ಲ’ ಅಂದೆ, ತಮಾಷೆಗೆ.

ಭಾವ ಎದ್ದರು. ಟವೆಲು ಪಕ್ಕಕ್ಕಿಟ್ಟು, ಬಗ್ಗಿ, ಕೈ ಚಾಚಿದರು. ಹೆಬ್ಬೆರಳು ಬಾಗಲಿಲ್ಲ. ಕಿರುಬೆರಳು ನೆಟ್ಟಗೆ ಹಾಗೇ ನಿಂತಿತ್ತು. ತೊಟ್ಟಿಗೆ ಎರಡೂ ತಗುಲಿದವು, ಹಿಡಿಯಲಿಲ್ಲ. ಮತ್ತೆ ಪ್ರಯತ್ನಪಟ್ಟರು. ಬದನೆ ಅಲ್ಲಾಡಿತು, ಅಷ್ಟೇ. ‘ಮರಗಟ್ಟಿ ಹೋಗ್ತವೆ’ ಅಂತ ಆಸ್ಪತ್ರೆಯವರು ಹೇಳಿದ ಮಾತು ನನಗೆ ಆಗ ನೆನಪಾಯಿತು. ಆಗ! ಹತ್ತು ತಿಂಗಳು ಕಳೆದ ಮೇಲೆ!

ಅಕ್ಕ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಭಾವ ಮಾತ್ರ ನನ್ನನ್ನೇ ಸಮಾಧಾನ ಮಾಡುವಂತೆ ಅಂದರು: ‘ಈ ಸಲ ಚೀಲ ಗೀಲ ಏನೂ ಬೇಡ ವಿಜಿ. ಈ ಕೈ ಒಂದು ತೋರಿಸಿದ್ರೆ ಸಾಕು, ಪಾಸಾಗುತ್ತೆ.’

ಆಗುತ್ತೆ. ಪೂರ್ತಿ ಮಾರ್ಕ್ಸೇ ಬರುತ್ತೆ. ಪಾಸು ಮಾಡಿಸಿದವಳು ನಾನೇ ಅಲ್ಲವೇ?