ಹುಳುವಿಗೊಂದು ಎತ್ತರದ ಮನೆ

ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಬಾಡಿಗೆ ಕೋಣೆಯಲ್ಲಿರುವ ಸುಮುಖ, ಅಂಗಡಿಗೆ ಹೋದರೆ ಬಿಸ್ಕತ್ತು ನೋಡುವುದಿಲ್ಲ, ಬಿಸ್ಕತ್ತಿನ ಡಬ್ಬಿ ನೋಡುತ್ತಾನೆ. ಸದಾ ಕೈಮುಗಿದು ನಿಲ್ಲುವ ಎರಡು ಮ್ಯಾಂಟಿಸ್ ಹುಳುಗಳನ್ನು ಅವನು ಸಾಕಿದ್ದಾನೆ. ನೋಡಲು ಭಕ್ತರಂತಿದ್ದರೂ ಒಟ್ಟಿಗಿಟ್ಟರೆ ಒಂದು ಇನ್ನೊಂದನ್ನು ತಿಂದುಬಿಡುವ ಜಾತಿ, ಆದ್ದರಿಂದ ಎರಡು ಮನೆ ಬೇಕು. ಜೇಬಿನಿಂದ ಟೇಪು ತೆಗೆದು, "ಹುಳದ ಮೂರರಷ್ಟು ಎತ್ತರ ಇರ್ಬೇಕು, ಮೇಲೆ ಬಲೆ ಇರ್ಬೇಕು" ಎಂದು ಗೊಣಗುತ್ತ ಅಳೆದು, ಏನೂ ಕೊಳ್ಳದೆ, ಅಲ್ಲಿಯವರ ಭಾಷೆಯಲ್ಲಿ "ಅಸಾಂಟೆ" ಎಂದು ಥ್ಯಾಂಕ್ಸ್ ಹೇಳಿ ಬರುತ್ತಾನೆ. "ನನ್ನ ರೂಮು ಒಪ್ಕೊಳ್ಳೋವಾಗ ಕಿಟಕಿ ಇದ್ಯಾ ಅಂತಾನೂ ಕೇಳ್ಲಿಲ್ಲ ನೀನು!" ಎಂದು ಮನೆಯೊಡತಿ ಉಷಾ ಆಂಟಿ ಛೇಡಿಸಿದರೆ, "ನಾನೇನು ಪೊರೆ ಬಿಡ್ತೀನಾ ಆಂಟಿ? ಹೊಟ್ಟೆ ಬಿಡ್ತೀನಿ, ಅಷ್ಟೆ" ಎನ್ನುತ್ತಾನೆ. ಅವನ ಆಫೀಸಿನ ಬ್ಯಾಗಿನಲ್ಲಿ ಮಾತ್ರ ಒಂದು ಚಪ್ಪಟೆ ಮಿಠಾಯಿ ಡಬ್ಬಿ ಯಾವಾಗಲೂ ಇರುತ್ತದೆ. ಪೇಡೆ ಇರಬಹುದೆಂದು ಆಂಟಿ ಇವತ್ತು ಅದನ್ನು ತೆರೆದೇಬಿಟ್ಟರು. ಒಳಗೆ, ಅರ್ಧ ಕಳಚಿದ ಪೊರೆಯಲ್ಲಿ ಸಿಕ್ಕಿಕೊಂಡು ಒಣಗಿದ ಹುಳು. "ಇದು ಮೊದಲನೇದು, ಆಂಟಿ. ತಲೆಕೆಳಗೆ ನೇತಾಡ್ಕೊಂಡು ಪೊರೆ ಬಿಡತ್ತೆ ಅಂತ ಗೊತ್ತಿರ್ಲಿಲ್ಲ. ಡಬ್ಬಿ ಚೆನ್ನಾಗಿದೆ ಅಂತ ಹಾಕ್ಬಿಟ್ಟೆ. ಈಗಿರೋ ದೊಡ್ಡದು ನಿನ್ನೆಯಿಂದ ಊಟ ಬಿಟ್ಟಿದೆ, ಇವತ್ತೋ ನಾಳೆಯೋ ಪೊರೆ ಬಿಡೋದು ಅದ್ರ ಸರದಿ." ಆಂಟಿ ಒಳಗೆ ಹೋಗಿ, ಚಕ್ಕುಲಿಯನ್ನೆಲ್ಲ ತಟ್ಟೆಗೆ ಸುರಿದು, ಎತ್ತರದ ಗಾಜಿನ ಜಾಡಿಯನ್ನು ತಂದು ಅವನ ಮುಂದಿಟ್ಟರು: "ಎಲ್ಲೋ ನಿನ್ನ ಟೇಪು?"