ಅಕ್ಸೋರಿಯಸ್ ಬೀಗರು

ಇಂಗ್ಲಿಷ್ ಮೇಷ್ಟರಾಗಿ ನಿವೃತ್ತರಾದವರಿಗೆ ಒಂದು ಚಟ ಉಳಿಯುತ್ತದೆ. ಯಾರೂ ಬಳಸದ ಪದವೊಂದನ್ನು ಜೇಬಿನಲ್ಲಿಟ್ಟುಕೊಂಡು, ಅದಕ್ಕೆ ತಕ್ಕ ಮನುಷ್ಯ ಎಲ್ಲಾದರೂ ಸಿಗುತ್ತಾನೇನೋ ಎಂದು ಹುಡುಕುವುದು. ನನ್ನ ಜೇಬಿನಲ್ಲಿ ಬಹುಕಾಲ ಬಿದ್ದಿದ್ದದ್ದು ‘ಅಕ್ಸೋರಿಯಸ್’ ಎಂಬ ಗುಣವಾಚಕ. ಹೆಂಡತಿಯನ್ನು ಅತಿಯಾಗಿ ಪ್ರೀತಿಸುವವನು ಎಂದು ಅರ್ಥ. ಹೊಗಳಿಕೆಯೆಂದುಕೊಂಡು ಯಾರಿಗಾದರೂ ಅಂದೀರಿ, ಜೋಕೆ. ಅದರೊಳಗೊಂದು ಸಣ್ಣ ಮುಳ್ಳಿದೆ. ನಾವು ‘ಅಮ್ಮಾವ್ರ ಗಂಡ’ ಅನ್ನುವುದಿಲ್ಲವೇ, ಹೆಚ್ಚುಕಡಿಮೆ ಹಾಗೆ. ಗಂಡನನ್ನು ಅತಿಯಾಗಿ ಪ್ರೀತಿಸುವವಳಿಗೆ ಮಾತ್ರ ಇಂಥ ಚುಚ್ಚುಮಾತಿಲ್ಲ. ಅವಳನ್ನು ಪತಿವ್ರತೆ ಎಂದು ಕರೆದು ಕೈತೊಳೆದುಕೊಂಡಿದ್ದೇವೆ.

ಈಚೆಗೆ ಆ ಪದಕ್ಕೊಬ್ಬರು ಒಡೆಯರು ಸಿಕ್ಕರು. ಚಂದಕವಾಡಿಯಲ್ಲಿರುವ ನನ್ನ ಅಣ್ಣನ ಮಗಳು ಗೌರಿಗೆ ಭೀಮನಬೀಡಿನಿಂದ ಸಂಬಂಧ ಬಂದಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮನಸಾರೆ ಒಪ್ಪಿಯಾಗಿತ್ತು. ಉಳಿದದ್ದು ಅಣ್ಣ, ಅತ್ತಿಗೆ ಮತ್ತು ನಾನು ಹೋಗಿ ಮನೆ ನೋಡುವ ಶಾಸ್ತ್ರ. ಅಣ್ಣ ಇಂಥದ್ದರಲ್ಲಿ ಬಲು ಬಿಗಿ. ಊರಬಾಗಿಲಲ್ಲೇ ಕಾರು ನಿಲ್ಲಿಸಿ ಟೀ ಅಂಗಡಿಯಲ್ಲಿ ವಿಚಾರಿಸಿದ. ಜಮೀನು, ಬೋರ್‌ವೆಲ್ಲು, ಚೆಂಡುಹೂವಿನ ಬೆಳೆ ಎಲ್ಲ ಚೆನ್ನಾಗಿದೆ ಎಂದ ಅಂಗಡಿಯವನು, ಹುಡುಗನ ಅಪ್ಪ ಮಾದಪ್ಪನವರು ಮಾತ್ರ ಹೆಂಡತಿ ಹಾಕಿದ ಗೆರೆ ದಾಟುವುದಿಲ್ಲ ಎಂದು ನಕ್ಕ. ಅಪ್ಪ ಹೀಗಾದರೆ ಮಗ ಹೇಗೋ ಎಂದು ಅಣ್ಣನ ಮುಖ ಸಪ್ಪಗಾಯಿತು. ನನಗೆ ಒಳಗೊಳಗೇ ಖುಷಿ.

ಮನೆಯಲ್ಲಿ ಎಲೆ ಹಾಕಿದರು. ಬೀಗರಾಗುವವರ ಪಕ್ಕ ಮನೆಯ ಯಜಮಾನ ಕೂತು ಉಣ್ಣುವುದು ನಮ್ಮಲ್ಲಿ ಮರ್ಯಾದೆ. ಮಾದಪ್ಪನವರು ಕೂರಲಿಲ್ಲ, ಒಬ್ಬಟ್ಟಿಗೆ ತುಪ್ಪ ಬಡಿಸುತ್ತ ಓಡಾಡಿದರು. ಅಣ್ಣ ಎರಡೆರಡು ಸಲ ಕರೆದ. ಅವರು ನಾಚಿಕೊಂಡೇ ಹೇಳಿದರು: “ನೀವು ಉಣ್ಣಿ ಸ್ವಾಮಿ. ಅವ್ಳು ಕುಂತ್ಮೇಲೆ ನಾ ಕುಂತ್ಕತೀನಿ. ಅಂಗೇ ರೂಢಿ ಆಗೋಗದೆ.” ಅಣ್ಣ ಅರ್ಧ ಊಟಕ್ಕೇ ಎದ್ದ. ಎರಡನೆಯ ಪಂಕ್ತಿಯಲ್ಲಿ ಅತ್ತಿಗೆಯ ಜೊತೆ ಮಾದಪ್ಪನವರ ಹೆಂಡತಿ ಕೂತಾಗ, ಅವರೂ ಬಂದು ಆಕೆಯ ಪಕ್ಕ ಎಲೆ ಹಾಕಿಕೊಂಡರು.

ವಾಪಸು ಬರುವಾಗ ಅಣ್ಣ ಕಾರಿನಲ್ಲಿ ಗುಡುಗಿದ. ಬೀಗರನ್ನು ಬಿಟ್ಟು ಹೆಂಡತಿಗೆ ಕಾಯುವವನ ಮನೆಗೆ ಹೆಣ್ಣು ಕೊಡುವುದಿಲ್ಲ, ನಾಳೆಯೇ ಹೇಳಿಕಳಿಸುತ್ತೇನೆ ಎಂದ. ಗೌರಿಯನ್ನು ಎತ್ತಿ ಆಡಿಸಿದವನು ನಾನು. ಅವಳ ಮುಖ ನೆನೆದು ಸಂಕಟವಾಯಿತು. ಸಮಾಧಾನ ಮಾಡಲೆಂದು ಅಕ್ಸೋರಿಯಸ್ ಪದದ ಮೂಲ ವಿವರಿಸತೊಡಗಿದೆ. “ಸುಮ್ಕಿರ್ಲಾ” ಎಂದ. ಮೇಷ್ಟರ ಮಾತನ್ನು ಕ್ಲಾಸಿನಲ್ಲೇ ಯಾರೂ ಕೇಳಲಿಲ್ಲ, ಇನ್ನು ಕಾರಿನಲ್ಲಿ ಕೇಳುತ್ತಾರೆಯೇ?

ಆಗ ಹಿಂದಿನ ಸೀಟಿನಲ್ಲಿದ್ದ ಅತ್ತಿಗೆ, ಕಿಟಕಿಯಾಚೆ ನೋಡುತ್ತಲೇ ಮೆಲ್ಲಗೆ ಅಂದರು: “ಈ ಮನೇಗ್ ಬಂದಾಗ್ಲಿಂದ ನಾನು ಒಂದಿನಾನೂ ಬಿಸಿ ಮುದ್ದೆ ಉಂಡಿಲ್ಲ ಕಣ್ರೀ. ನನ್ ಮಗ್ಳಾರ ಉಣ್ಲಿ.”

‘ಅತಿಯಾಗಿ’ ಎಂದರೆ ಎಷ್ಟು? ನಿಘಂಟು ಬರೆದವರು ಆ ಪದ ಹಾಕುವ ಮುನ್ನ ತಂತಮ್ಮ ಹೆಂಡಿರನ್ನು ಒಂದು ಮಾತು ಕೇಳಬಹುದಿತ್ತು.

ತೆರಕಣಾಂಬಿಗೆ ಬರುವ ಹೊತ್ತಿಗೆ ಅಣ್ಣನಿಗೆ ಹಸಿವು ತಡೆಯಲಾಗಲಿಲ್ಲ. ಹೋಟೆಲಿನಲ್ಲಿ ಎಲ್ಲರಿಗೂ ದೋಸೆ ಹೇಳಿದ. ಮೊದಲು ಬಂದದ್ದು ಒಂದೇ ತಟ್ಟೆ. ಅದನ್ನು ಅಣ್ಣನ ಮುಂದೆಯೇ ಇಟ್ಟುಹೋದರು. ಅಣ್ಣ ಹಬೆಯಾಡುವ ದೋಸೆಯನ್ನು ಒಂದು ಗಳಿಗೆ ನೋಡಿದ. ಆಮೇಲೆ ತಟ್ಟೆಯನ್ನು ಅತ್ತಿಗೆಯ ಕಡೆ ತಳ್ಳಿ, ಯಾರ ಮುಖವನ್ನೂ ನೋಡದೆ ಅಂದ:

“ಆರೋಯ್ತದೆ. ತಿನ್ನು.”

ಗೌರಿಗೆ ಫೋನು ಮಾಡಲು ನಾನು ಮೆಲ್ಲಗೆ ಎದ್ದು ಹೊರಗೆ ಬಂದೆ.