ನಿಂತ ಕಾರು, ಕುಂತ ಗಾಲಿ

ಎಡವಟ್ಟು ಶುರುವಾದದ್ದು ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆ ಐವತ್ತೆರಡು ನಿಮಿಷಕ್ಕೆ. ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಆ ಹೊತ್ತಿನಲ್ಲಿ ರೋಣದ ನಮ್ಮ ಓಣಿಯಲ್ಲಿ ಗಡಿಯಾರ ನೋಡದೆ ನಿಂತವರು ಯಾರೂ ಇರಲಿಲ್ಲ. ಬುಧವಾರ ಹನ್ನೆರಡಕ್ಕೆ ರಾಹುಕಾಲ ಹತ್ತುತ್ತದೆ. ಅಷ್ಟರೊಳಗೆ ಕುಬುಸದ ಗಾಡಿ ಮನೆ ಬಿಡಬೇಕಿತ್ತು.

ಅಣ್ಣನ ಮಗಳು ರೂಪಾಳಿಗೆ ಆಗ ಏಳು ತಿಂಗಳು. ಕೊಟ್ಟದ್ದು ಗಜೇಂದ್ರಗಡಕ್ಕೆ. ತವರಿನ ಹೆಣ್ಣುಮಕ್ಕಳು ಹಸಿರು ಸೀರೆ, ಕುಬುಸ, ಬುತ್ತಿ ತೆಗೆದುಕೊಂಡು ಹೋಗಿ ಬಸುರಿಯ ಉಡಿ ತುಂಬಿ ಬರುವ ದಿನ ಅದು. ಏಳು ಜನರ ಕಾರಿನಲ್ಲಿ ಎಂಟು ಜನ ಹೆಂಗಸರು ಕುಳಿತರು. ಅವರ ತೊಡೆಯ ಮೇಲೆ ಕರ್ಚಿಕಾಯಿ, ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗಳ ಗಂಟುಗಳು ಕುಳಿತವು. ಸ್ಟೀರಿಂಗ್ ಹಿಡಿದವರು ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ರೂಪಾಳ ತಾಯಿ. ನನಗೆ ಜಾಗ ಉಳಿಯದ್ದರಿಂದ ನಾನು ಮೋಟರ್ ಸೈಕಲ್ ಮೇಲೆ ಹಿಂದೆ ಹೊರಟೆ.

ಹೊರಟೆ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಕಾರು ಮನೆಯಿಂದ ಓಣಿಯ ತುದಿಯ ತನಕ ಹೋಗಿ ನಿಂತುಕೊಂಡಿತು. ರಾಹು ಬರುವ ಮೊದಲೇ ಮನೆ ಬಿಟ್ಟಾಯಿತು ಎಂಬುದು ನಮ್ಮವ್ವನ ಲೆಕ್ಕ. ಇನ್ನು ಮರೆತ ಸಾಮಾನನ್ನು ಸಾವಕಾಶವಾಗಿ ತರಬಹುದು. ಒಬ್ಬರು ಅರಿಸಿನದ ಡಬ್ಬಿ ತರಲು ಹೋದರು, ಇನ್ನೊಬ್ಬರು ಕನ್ನಡಕ ಹುಡುಕಲು ಹೋದರು, ಕನ್ನಡಕ ಹುಡುಕಲು ಹೋದವರನ್ನು ಕರೆಯಲು ಮತ್ತೊಬ್ಬರು ಹೋದರು. ಏಪ್ರಿಲ್ ತಿಂಗಳ ಬಿಸಿಲಲ್ಲಿ ತುಂಬಿದ ಕಾರು ಮುಕ್ಕಾಲು ತಾಸು ನಿಂತಲ್ಲೇ ನಿಂತಿತ್ತು. ಎಲ್ಲರೂ ಗಡಿಯಾರ ನೋಡಿದೆವು. ಗಾಲಿ ಯಾರೂ ನೋಡಲಿಲ್ಲ.

ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣತೊಡಗಿದಾಗ ಅದು ಆಯಿತು. ಕಾರಿನ ಎಡಗಡೆಯ ಹಿಂದಿನ ಟೈರು ಒಡೆಯಿತು. ಸದ್ದು ನಾನು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ. ದೊಡ್ಡದಾಗಿದ್ದದ್ದು ಎದುರಿನಿಂದ ಬರುತ್ತಿದ್ದ ಬಸ್ಸು. ಕಾರು ಬಾಲ ಬೀಸಿದ ಎಮ್ಮೆಯಂತೆ ಹಿಂಭಾಗವನ್ನು ಒಮ್ಮೆ ಆಚೆ, ಒಮ್ಮೆ ಈಚೆ ಒಗೆದು ನೇರ ಬಸ್ಸಿನ ಕಡೆ ಸರಿಯಿತು. ಬ್ರೇಕಿನ ಕೆಂಪು ದೀಪ ಹತ್ತುತ್ತದೆಂದು, ಹತ್ತಿದರೆ ಕಾರು ಗಿರಕಿ ಹೊಡೆಯುತ್ತದೆಂದು ಹೆದರಿ ಕಾದೆ. ಹತ್ತಲಿಲ್ಲ. ಕಾರು ಮೆಲ್ಲಗೆ, ಯಾರೋ ಕೂಸಿನ ತೊಟ್ಟಿಲನ್ನು ತಮ್ಮ ಕಡೆ ಎಳೆದುಕೊಂಡಂತೆ, ಎಡಕ್ಕೆ ವಾಲಿತು. ಬಸ್ಸು ದಾಟಿತು. ಕಾರಿಗೂ ಬಸ್ಸಿಗೂ ನಡುವೆ ಒಂದು ರೊಟ್ಟಿಯನ್ನು ಅಡ್ಡ ಹಿಡಿಯಲಿಕ್ಕೂ ಜಾಗವಿರಲಿಲ್ಲ. ಆಮೇಲೆ ಕಾರು ರಸ್ತೆ ಬಿಟ್ಟು ಎರೆಮಣ್ಣಿಗೆ ಇಳಿದು, ಒಂದು ಜಾಲಿ ಕಂಟಿಯ ಮುಂದೆ ನಿಂತಿತು.

ನಾನು ಗಾಡಿ ಒಗೆದು ಓಡಿದೆ. ಒಳಗೆ ನಮ್ಮವ್ವ ಕೇಳುತ್ತಿದ್ದಳು: "ಕರ್ಚಿಕಾಯಿ ಪುಡಿ ಆದುವೇನ ನೋಡ್ರೇ ಮೊದಲ."

"ಏನಾತ್ರಿ? ಪಂಚರ್ ಆತೇನ್ರಿ?" ಎಂದಳು ನನ್ನ ಹೆಂಡತಿ ಸವಿತಾ, ಗಂಟುಗಳ ಸಂದಿಯಿಂದ ಮುಖ ಹೊರಗೆ ಹಾಕಿ.

ಅವರಿಗೆ ಬಸ್ಸು ಕಂಡೇ ಇರಲಿಲ್ಲ. ಕಿಟಕಿಗಳಿಗೆಲ್ಲ ಬುತ್ತಿಯ ಗಂಟುಗಳು ಅಡ್ಡ ಇದ್ದವು. ಮೇಲಾಗಿ ಬೀಗರು ಹೋದ ಸಲ ಕೊಟ್ಟ ಸೀರೆ ರೇಷ್ಮೆಯದೋ ಅಲ್ಲವೋ ಎಂಬ ಗಂಭೀರ ಚರ್ಚೆ ನಡೆದಿತ್ತು. ವೈನಿ ಮಾತ್ರ ಕೆಳಗಿಳಿದು ಗಾಲಿಯ ಹತ್ತಿರ ಬಂದು, "ಒಡದೈತಿ ನೋಡು ಶೇಖರ. ಸ್ಟೆಪ್ನಿ ಹಾಕೂಣು" ಎಂದರು. ಒಲೆಯ ಮೇಲಿನ ಹಾಲು ಉಕ್ಕಿತು, ಅರಿವೆ ತಾ ಎನ್ನುವ ದನಿಯಲ್ಲಿ. ಸ್ಟೆಪ್ನಿಯಲ್ಲೂ ಗಾಳಿ ಅಷ್ಟಕ್ಕಷ್ಟೇ ಇತ್ತು. ಅದನ್ನೇ ಹಾಕಿಕೊಂಡು, ಎಲ್ಲರನ್ನೂ ಕೂರಿಸಿಕೊಂಡು, ಎತ್ತಿನ ಬಂಡಿಯ ವೇಗದಲ್ಲಿ ಅವರು ಗಜೇಂದ್ರಗಡ ಮುಟ್ಟಿಸಿದರು. ರೂಪಾಳ ಉಡಿ ತುಂಬಿದರು. ಹಾಡು ಸಹ ಹಾಡಿದರು. ಬೀಗರ ಮನೆಯ ಎದುರಿನ ಪಂಚರ್ ಅಂಗಡಿಯವರು ಒಡೆದ ಟೈರು ನೋಡಿ, ಗಾಳಿ ಕಡಿಮೆಯಿದ್ದು, ಭಾರ ಹೆಚ್ಚಾಗಿ, ಬಗ್ಗಿ ಬಗ್ಗಿ ಕಾದು ಒಡೆದಿದೆ ಎಂದು ಹೇಳಿದರು.

ಆ ರಾತ್ರಿಯಿಂದ ನನ್ನ ನಿದ್ದೆ ಹಾರಿತು. ಕಣ್ಣು ಮುಚ್ಚಿದರೆ ಬಸ್ಸು. ಒಂದು ರಾತ್ರಿ ಅದು ಒಂದು ರೊಟ್ಟಿ ಆಚೆ ಹೋಗುತ್ತಿತ್ತು, ಇನ್ನೊಂದು ರಾತ್ರಿ ಒಂದು ರೊಟ್ಟಿ ಈಚೆ. ಈಚೆ ಬಂದ ರಾತ್ರಿ ನಾನು ಎದ್ದು ಕುಳಿತು, ಪಕ್ಕದಲ್ಲಿ ಸವಿತಾ ಗೊರಕೆ ಹೊಡೆಯುವುದನ್ನು ಕೇಳಿ, ಆ ಗೊರಕೆಯಷ್ಟು ಇಂಪಾದದ್ದು ಯಾವುದೂ ಇಲ್ಲವೆಂದು ತೀರ್ಮಾನಿಸುತ್ತಿದ್ದೆ.

ಯಾರಿಗೂ ಹೇಳಲಿಲ್ಲ. ಹೇಳುವ ಹಾಗಿರಲಿಲ್ಲ. ಅಣ್ಣನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗುತ್ತ ಬಂದಾಗ, ವೈನಿ ನಲವತ್ತೇಳನೆಯ ವಯಸ್ಸಿನಲ್ಲಿ ಕಾರು ಕಲಿತರು. ಕಲಿಯುವಾಗ ಓಣಿಯವರು ತಮ್ಮ ಕಟ್ಟೆಯ ಮೇಲಿನ ಕುಂಡಗಳನ್ನು ಒಳಗೆ ಎತ್ತಿಟ್ಟುಕೊಂಡದ್ದು ನನಗೆ ನೆನಪಿದೆ. ಈಗ ತಿಂಗಳಿಗೊಮ್ಮೆ ಅಣ್ಣನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಕಣ್ಣಿಗೆ ಇಂಜೆಕ್ಷನ್ ಮಾಡಿಸಿಕೊಂಡು ಬರುವವರು ಅವರೇ. ಅದು ತಪ್ಪಿದರೆ ಉಳಿದಷ್ಟು ದೃಷ್ಟಿಯೂ ಹೋಗುತ್ತದೆ. ನಾನು ಕಂಡದ್ದನ್ನು ಹೇಳಿ, ಅವರು ಹೆದರಿ ಸ್ಟೀರಿಂಗ್ ಬಿಟ್ಟರೆ? ನಾನೇ ಓಡಿಸಬಾರದೇ ಎಂದು ನೀವು ಕೇಳಿದರೆ, ನನ್ನ ಡ್ರೈವಿಂಗ್ ನೋಡಿದವರು ಆ ಪ್ರಶ್ನೆ ಕೇಳುವುದಿಲ್ಲ ಎಂದಷ್ಟೇ ಹೇಳಬಲ್ಲೆ. ಹೀಗಾಗಿ ಬಸ್ಸನ್ನು ನಾನೊಬ್ಬನೇ ಇಟ್ಟುಕೊಂಡೆ. ವೈನಿಗೂ ಅದು ಸರಿಯಾಗಿ ಕಂಡಿರಲಿಕ್ಕಿಲ್ಲ, ಕಾರು ಸಂಬಾಳಿಸುವುದರಲ್ಲಿ ಮಗ್ನರಾಗಿದ್ದಿರಬೇಕು ಎಂದು ನಂಬಿಕೊಂಡೆ.

ಒಳಗೆ ಇಟ್ಟುಕೊಂಡ ಹೆದರಿಕೆ ಎಲ್ಲಿಂದಲಾದರೂ ಹೊರಗೆ ಬರಲೇಬೇಕು. ನನ್ನದು ಕಣ್ಣಿನಿಂದ ಬಂತು. ಊರವರ ನಿಂತ ಕಾರುಗಳ ಗಾಲಿ ನೋಡುವ ಚಟ ಹತ್ತಿತು.

ಅಲ್ಲಿಯ ತನಕ ಗಾಲಿಯನ್ನು ನಾನು ಪರರ ಚಪ್ಪಲಿ ನೋಡುವಷ್ಟು ಮಾತ್ರ ನೋಡಿದವನು. ಈಗ ನೋಡಿದರೆ, ದೇವರೇ, ರೋಣ, ನರಗುಂದ, ಗಜೇಂದ್ರಗಡ ಮೂರೂ ಊರುಗಳಲ್ಲಿ ಪೂರಾ ಗಾಳಿ ತುಂಬಿದ ಗಾಲಿ ಸಿಗುವುದು ಅಪರೂಪ. ಒಂದು ಗಾಲಿ ಊಟ ಮಾಡಿ ಗೋಡೆಗೆ ಒರಗಿದ ಬೀಗರ ಹೊಟ್ಟೆಯಂತೆ ಬದಿಗೆ ಉಬ್ಬಿರುತ್ತದೆ. ಇನ್ನೊಂದು ನೆಲಕ್ಕೆ ಕಿವಿ ಹಚ್ಚಿ ಏನನ್ನೋ ಕೇಳುತ್ತಿರುವಂತೆ ಕಾಣುತ್ತದೆ. ಚಿಕ್ಕನರಗುಂದದಲ್ಲಿ ಒಂದು ಹೊಸ ಕಾರು ಕಂಡೆ: ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ, ಕರಿ ಉಣ್ಣೆಯ ದಾರ, ಹಿಂದೆ ಗಾಜಿನ ಮೇಲೆ ಮೂವರು ದೇವರ ಹೆಸರು. ದೃಷ್ಟಿ ತಾಗದಂತೆ ಇಷ್ಟೆಲ್ಲ ಬಂದೋಬಸ್ತು ಮಾಡಿದ್ದರು. ದೃಷ್ಟಿ ಹಾಯಿಸಬೇಕಾದ ಗಾಲಿಗೆ ಒಂದು ಕುಂಕುಮದ ಬೊಟ್ಟು ಬಿಟ್ಟರೆ ಬೇರೇನೂ ಸಂದಿರಲಿಲ್ಲ.

ನನ್ನದು ಔಷಧದ ಅಂಗಡಿ. ಬಿ.ಫಾರ್ಮ. ಓದಿದವನು. ದಿನಕ್ಕೆ ಹತ್ತಾರು ಮಂದಿ ಬಂದು ತೋಳು ಚಾಚಿ, "ಬಿ.ಪಿ. ಒಂಚೂರು ನೋಡ್ರಿ" ಎನ್ನುತ್ತಾರೆ. ತಮ್ಮ ಒತ್ತಡ ಸ್ವಲ್ಪ ಇಳಿದರೆ ತಲೆ ತಿರುಗುತ್ತದೆಂದು ಗೋಳಾಡುವ ಇವರು, ಹೊರಗೆ ನಿಲ್ಲಿಸಿದ ಕಾರಿನ ಒತ್ತಡ ಎಷ್ಟಿದೆಯೆಂದು ಒಮ್ಮೆಯೂ ಕೇಳಿದವರಲ್ಲ. ಕೇಳುವುದಾದರೂ ಹೇಗೆ? ಗಾಲಿಗೆ ನರಳಲು ಬರುವುದಿಲ್ಲ. ನನಗೆ ಅದರ ಮೇಲೆ ಗೌರವ ಹುಟ್ಟಿದ್ದೇ ಈ ಕಾರಣಕ್ಕೆ. ವಿಚಾರ ಮಾಡಿ ನೋಡಿ. ಕಾರಿನ ಭಾರ ಹೊರುವುದು ರಬ್ಬರಲ್ಲ, ಅದರೊಳಗಿನ ಗಾಳಿ. ನೆಲಕ್ಕೆ ತಾಗುವುದು ಒಂದೊಂದು ಗಾಲಿಯ ಅಂಗೈಯಷ್ಟು ಜಾಗ ಮಾತ್ರ. ನಾಲ್ಕು ಅಂಗೈಯಷ್ಟು ಗಾಳಿಯ ಮೇಲೆ ಎಂಟು ಜನ ಹೆಂಗಸರು, ಅವರ ಬುತ್ತಿ, ಅವರ ಬೀಗರ ಮೇಲಿನ ಸಿಟ್ಟು, ಎಲ್ಲವೂ ಕುಳಿತು ಊರು ಸೇರುತ್ತವೆ. ದೇಹದೊಳಗೆ ಹತ್ತು ವಾಯುಗಳಿವೆ, ಅವು ಸರಿಯಿದ್ದರೆ ಮನುಷ್ಯ ಎದ್ದು ನಿಲ್ಲುತ್ತಾನೆ ಎಂದು ಹಳಬರು ಸುಮ್ಮನೆ ಹೇಳಿರಲಿಕ್ಕಿಲ್ಲ. ಗಜೇಂದ್ರಗಡದಲ್ಲಂತೂ ಈ ವಿಚಾರ ಮಾಡಿ ನಗು ಬರುತ್ತದೆ. ಗುಡ್ಡದ ಮೇಲೆ ಗಾಳಿಗೆ ಮುಗಿಲೆತ್ತರದ ಪಂಖಗಳು ತಿರುಗುತ್ತಿರುತ್ತವೆ. ಗುಡ್ಡದ ಬುಡದ ಪೇಟೆಯಲ್ಲಿ ನಿಂತ ಕಾರುಗಳಿಗೆ ಒಂದು ಉಸಿರು ಗಾಳಿಯಿಲ್ಲ.

ಆದರೆ ಕಂಡದ್ದನ್ನು ಮಾಲೀಕನಿಗೆ ಹೇಳುವುದಿದೆಯಲ್ಲ, ಅದು ಬೇರೆಯೇ ವಿದ್ಯೆ. ಮಗಳ ಬಗ್ಗೆ, ಬೆಳೆಯ ಬಗ್ಗೆ, ಬೇಕಾದರೆ ತಲೆಗೂದಲ ಬಗ್ಗೆ ಏನಾದರೂ ಹೇಳಿ, ನಮ್ಮ ಕಡೆಯವರು ಸಹಿಸುತ್ತಾರೆ. ಕಾರಿನ ಬಗ್ಗೆ ಹೇಳಿದರೆ ಮುಖ ಬಿಗಿಯುತ್ತದೆ. ನರಗುಂದದ ಪೇಟೆಯಲ್ಲಿ ಒಬ್ಬರು, "ಕಾರ್ ನಂದು, ಗಾಲಿ ನಂದು, ನಿಮಗ್ಯಾಕ್ರಿ ಹೊಟ್ಟಿ ನೋವು?" ಎಂದರು. ಗಜೇಂದ್ರಗಡದಲ್ಲಿ ಅದಕ್ಕಿಂತ ಸೊಗಸಾಯಿತು. ಕಿಸೆಯಲ್ಲಿ ಒತ್ತಡ ನೋಡುವ ಸಣ್ಣ ಮೀಟರ್ ಇಟ್ಟುಕೊಂಡು ತಿರುಗುವ ಮಟ್ಟಕ್ಕೆ ಆಗ ಬಂದಿದ್ದೆ. ಸೀರೆ ಅಂಗಡಿಯ ಮುಂದಿನ ಕಾರಿನ ಬದಿಗೆ ಕುಕ್ಕರಗಾಲಲ್ಲಿ ಕುಳಿತು ಮೀಟರ್ ಹಚ್ಚಿದೆ. ಅದು ಸುಂಯ್ ಎಂದಿತು.

"ಏಯ್! ಗಾಳಿ ಬಿಡಾಕತ್ತಾನ ನೋಡ್ರೋ!" ಎಂದು ಅಂಗಡಿಯಿಂದ ಒಂದು ದನಿ ಬಂತು. ಹಿಂದೆಯೇ ಅಂಗಡಿಯ ಮಾಲೀಕ ರಾಜೇಸಾಬರು ಗಜಕೋಲು ಹಿಡಿದು ಬಂದರು. ಕಾರು ಅವರದೇ.

"ಬಿಡಾಕತ್ತಿಲ್ರಿ, ನೋಡಾಕತ್ತೀನಿ" ಎಂದೆ.

"ನೋಡಾಕ ಇದೇನ್ ಸಿನಿಮಾನ್ರಿ?"

ಮೀಟರ್ ತೋರಿಸಿದೆ. ಇರಬೇಕಾದುದರ ಅರ್ಧಕ್ಕಿಂತ ತುಸು ಹೆಚ್ಚು ತೋರಿಸುತ್ತಿತ್ತು. ರಾಜೇಸಾಬರು ಮೀಟರನ್ನೂ ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಗಜಕೋಲು ಕಂಕುಳಲ್ಲಿ ಇಟ್ಟುಕೊಂಡು, "ಉಳಿದ ಮೂರೂ ನೋಡಿ ಹೋಗ್ರಿ ಮತ್ತ. ಚಾ ತರಸ್ತೀನಿ" ಎಂದರು. ಅವತ್ತು ಕುಡಿದ ಚಹಾದ ರುಚಿ ಇನ್ನೂ ಇದೆ. ನಿದ್ದೆ ಮಾತ್ರ ಬರಲಿಲ್ಲ. ನೂರು ಕಾರಿನ ಗಾಳಿ ಸರಿ ಮಾಡಿಸಿದರೂ ನಾನು ಕಂಡ ಆ ಒಂದು ಬಸ್ಸು ತನ್ನ ದಾರಿ ಬಿಡುತ್ತಿರಲಿಲ್ಲ.

ಇತ್ತ ವೈನಿಯನ್ನು ನೋಡಿದರೆ ಬೆರಗಾಗುತ್ತಿತ್ತು. ಅವರು ಹುಬ್ಬಳ್ಳಿಗೆ ಹೋಗಿಬಂದರು. ಹೊಳೆಆಲೂರಿಗೆ ಹೋಗಿ ರೈಲಿಗೆ ಬಂದ ನೆಂಟರನ್ನು ಕರೆತಂದರು. ಮುಖದಲ್ಲಿ ಒಂದು ಗೆರೆ ಹೆಚ್ಚಾಗಿರಲಿಲ್ಲ. ಏನೂ ಕಾಣದವರ ನೆಮ್ಮದಿ ಎಂದುಕೊಂಡು ನಾನು ಒಳಗೊಳಗೇ ಹೊಟ್ಟೆಕಿಚ್ಚು ಪಟ್ಟೆ.

ಮುಂದೆ ಒಂದು ಭಾನುವಾರ ನರಗುಂದದಲ್ಲಿ ಮದುವೆ. ವೈನಿಯ ಕಾರಿನಲ್ಲೇ ಮನೆಯವರೆಲ್ಲ ಹೋಗಿದ್ದೆವು. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಕಲ್ಯಾಣ ಮಂಟಪದ ಬಯಲಿನಲ್ಲಿ ಸಾಲಾಗಿ ನಿಂತ ಕಾರುಗಳ ನಡುವೆ ಅಡ್ಡಾಡಲು ಬಂದೆ. ಉಂಡ ಮೇಲೆ ಕೆಲವರಿಗೆ ಬೀಡಿ ಬೇಕು, ನನಗೆ ಗಾಲಿ. ಒಂದು ಬಿಳಿ ಕಾರಿನ ಹಿಂದಿನ ಗಾಲಿ ಗಾಳಿ ಇಳಿದು ಚೆನ್ನಾಗಿ ಕುಂತಿತ್ತು. ಬಗ್ಗಿ ಹೆಬ್ಬೆರಳಿಂದ ಒತ್ತಿದೆ. ಕಾರಿನ ಅಡಿಯಿಂದ ಆಚೆ ಬದಿಗೆ ಕಣ್ಣು ಹೋಯಿತು. ಅಲ್ಲಿ ಇಳಕಲ್ ಸೀರೆಯ ಒಂದು ಅಂಚು, ಎರಡು ಕಾಲುಂಗುರ, ಮತ್ತು ಮುಂದಿನ ಗಾಲಿಯನ್ನು ಒತ್ತುತ್ತಿರುವ ಒಂದು ಹೆಬ್ಬೆರಳು.

ಆ ಸೀರೆಯ ಹಿಂದೆಯೇ ಬೆಳಿಗ್ಗೆ ನಾನು ಕಾರು ಹತ್ತಿದ್ದೆ.

"ವೈನಿ?" ಎಂದೆ ಕಾರಿನ ಅಡಿಯಿಂದ.

ಹೆಬ್ಬೆರಳು ನಿಂತಿತು. "ಶೇಖರಾ? ಅಲ್ಲೇನ್ ಮಾಡಾಕತ್ತಿ?"

"ನೀವೇನ್ ಮಾಡಾಕತ್ತೀರಿ?"

ಸ್ವಲ್ಪ ಹೊತ್ತು ಇಬ್ಬರೂ ಏಳಲಿಲ್ಲ. ಕೆಲವು ಮಾತು ಮುಖ ಕಾಣದಿದ್ದರೇ ಸಲೀಸು.

"ಬಸ್ ನೋಡಿದ್ದಿ ಹಂಗಾರ" ಎಂದರು ವೈನಿ.

"ನೋಡೀನ್ರಿ. ನೀವು?"

"ಡ್ರೈವರನ ಹಣಿ ಮ್ಯಾಗಿನ ಈಬತ್ತಿ ಸುದ್ದಾ ನೋಡೀನಿ. ಎರಡೆಳಿ ಇತ್ತು, ಮೂರನೇದು ಅಳಸಿತ್ತು."

"ಮತ್ತ ಒಂದ್ ಮಾತ್ ಅಂದಿಲ್ಲಲ್ರಿ!"

"ಅಂದಿದ್ರ ನೀವೆಲ್ಲ ಸೇರಿ ಕೀಲಿ ಕಸಗೊಂಡು ಮನ್ಯಾಗ ಕುಂದರಸ್ತಿದ್ರಿ. ನಿಮ್ಮಣ್ಣನ ಕಣ್ಣಿನ ಗತಿ ಏನು? ನೀ ಯಾಕ ಅಂದಿಲ್ಲ?"

"ನೀವು ಹೆದರಿ ಗಾಡಿ ಬಿಟ್ಟೀರಿ ಅಂತ."

ಆಚೆ ಬದಿಯಿಂದ ಮೊದಲು ಒಂದು ಉಸಿರು, ಆಮೇಲೆ ನಗು ಕೇಳಿಸಿತು. "ಹೆದರೀನಪಾ. ಇನ್ನೂ ಹೆದರ್ತೀನಿ. ಸ್ಟೀರಿಂಗ್ ಹಿಡದ ಕೂಡಲೇ ಕೈ ತಣ್ಣಗ ಆಗ್ತಾವು. ಹೆದರಿಕೊಂತನ ಹೊಡೀತೀನಿ. ರಾತ್ರಿ ನಿದ್ದಿ ಬರೂದಿಲ್ಲ, ಅದಕ್ಕ ಹಗಲು ಇವನ್ನ ಒತ್ತಿಕೊಂತ ತಿರಗ್ತೀನಿ."

ಅಷ್ಟರಲ್ಲಿ ಕಾರಿನ ಯಜಮಾನರು ಕೈ ತೊಳೆದ ನೀರನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಬಂದರು. ಆ ಬದಿಗೆ ಒಬ್ಬರು, ಈ ಬದಿಗೆ ಒಬ್ಬರು ಕುಕ್ಕರಿಸಿದ್ದನ್ನು ಕಂಡು, "ಏನ್ ಕಳಕೊಂಡೀರಿ ಅಕ್ಕಾರ?" ಎಂದು ಕೇಳಿದರು.

"ಏನೂ ಇಲ್ರಿ. ನಿಮ್ಮ ಗಾಲಿ ಕುಂತಾವು, ಗಾಳಿ ಹಾಕಸ್ರಿ" ಎಂದರು ವೈನಿ, ಸೆರಗು ಜಾಡಿಸಿ ಎದ್ದು.

"ಅಬಬಾ! ನನ್ನ ಮಗಳ್ನ ನೋಡಾಕೂ ಇಷ್ಟು ಕಾಳಜೀಲೆ ಯಾರೂ ಬಂದಿಲ್ಲ ಬಿಡ್ರಿ" ಎಂದರು ಅವರು. ಬಯ್ಯಲಿಲ್ಲ. ಗಾಲಿಗೆ ತಾವೂ ಒಂದು ಸಲ ಒದ್ದು ನೋಡಿದರು.

ಅಲ್ಲಿಯ ತನಕ ನಾನು ವೈನಿಯನ್ನು ಮೆಚ್ಚಿದ್ದು ಅವರಿಗೆ ಹೆದರಿಕೆಯಿಲ್ಲ ಎಂದು. ಎಷ್ಟು ಅಗ್ಗದ ಮೆಚ್ಚುಗೆ! ಬಸ್ಸಿನ ಡ್ರೈವರನ ಹಣೆ ಕಾಣುವಷ್ಟು ಹತ್ತಿರ ಹೋಗಿ ಬಂದವರು, ತಣ್ಣಗಾದ ಕೈಯಲ್ಲೇ ಮತ್ತೆ ಸ್ಟೀರಿಂಗ್ ಹಿಡಿಯುತ್ತಾರೆ. ಹಿಂದೆ ಕುಳಿತವರು ಸೀರೆಯ ಚರ್ಚೆ ಮಾಡುವಷ್ಟು ನಿರಾಳವಾಗಿ ಅವರನ್ನು ಮನೆ ಮುಟ್ಟಿಸುತ್ತಾರೆ. ನಾವೆಲ್ಲ ಅಷ್ಟು ದಿನ ಕುಳಿತದ್ದು ಇಂಥದೊಂದರ ಮೇಲೆ. ಅದೂ ಗಾಲಿಯೊಳಗಿನ ಗಾಳಿಯಂತೆ ಕಣ್ಣಿಗೆ ಕಾಣುವಂಥದಲ್ಲ.

ಆ ಭಾನುವಾರ ರಾತ್ರಿ ಮಲಗಿದವನು ಎದ್ದಾಗ ಅಂಗಳಕ್ಕೆ ಬಿಸಿಲು ಬಂದಿತ್ತು. ಸೋಮವಾರ ಅಣ್ಣನ ಇಂಜೆಕ್ಷನ್ನಿನ ದಿನ. ಗಡಬಡಿಸಿ ಹೊರಗೆ ಬಂದರೆ ಕಾರು ಇರಲಿಲ್ಲ.

"ಹೋಗಿ ಎರಡು ತಾಸಾತ್ರಿ" ಎಂದಳು ಸವಿತಾ. "ಎಬ್ಬಸ್ತೀನಿ ಅಂದ್ರ ನಿಮ್ಮ ವೈನ್ಯಾರ ಬ್ಯಾಡ ಅಂದ್ರು. ತಾವೂ ರಾತ್ರಿ ಒಂದ ನಿದ್ದಿ ಮಾಡ್ಯಾರಂತ. ಮಲಕೊಳ್ಳಿ ಬಿಡು, ಗಾಲಿ ನಾನ ನೋಡೀನಿ ಅಂತ ಹೇಳು ಅಂದ್ರು."